ಹೊರಗಿನ ಡೆವಲಪರ್‌ಗಳು ಕಳಿಸುವ ಕೋಡ್ ತಿದ್ದುಪಡಿ: ಓಪನ್ ಸೋರ್ಸ್ ಮೇಂಟೇನರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ನಿಮ್ಮ ಸಾಫ್ಟ್‌ವೇರ್‌ನ ಕೋಡನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದ್ದೀರಿ. ಜನ ಬಳಸುತ್ತಿದ್ದಾರೆ, ಬಗ್‌ಗಳ ಬಗ್ಗೆ ದೂರುಗಳೂ ಬರುತ್ತಿವೆ. ಆದರೆ ಬಗ್ ಸರಿ ಮಾಡಿ ಕಳಿಸುವವರು ಮಾತ್ರ ಯಾರೂ ಇಲ್ಲ. ಬಳಸುವವರಿಗೆ ಮನಸ್ಸಿಲ್ಲ ಅಂತಲ್ಲ. ಎಷ್ಟೋ ಜನ ತಮ್ಮ ಕಂಪ್ಯೂಟರಿನಲ್ಲಿ ಆ ಬಗ್ಗನ್ನು ಆಗಲೇ ಸರಿ ಮಾಡಿಕೊಂಡಿರುತ್ತಾರೆ. ಅದನ್ನು ನಿಮಗೆ ತಲುಪಿಸುವ ದಾರಿ ಗೊತ್ತಾಗುವುದಿಲ್ಲ. ಇಲ್ಲವೇ ಕಳಿಸಿದರೂ ಯಾರೂ ನೋಡುವುದಿಲ್ಲ ಅನ್ನಿಸಿ ಸುಮ್ಮನಾಗುತ್ತಾರೆ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಎರಡು ವಿಷಯಕ್ಕೆ ಒತ್ತು ಕೊಟ್ಟಿದ್ದೇನೆ. ಹೊಸಬರು ಯಾರನ್ನೂ ಕೇಳದೆ ಕೆಲಸ ಶುರು ಮಾಡುವಂತಿರಬೇಕು. ಕಳಿಸಿದ ಮೇಲೆ ಅವರಿಗೆ ಬೇಗ, ನೇರವಾದ ಉತ್ತರ ಸಿಗಬೇಕು. ಉಳಿದದ್ದೆಲ್ಲ ಇವೆರಡಕ್ಕೆ ಹೊಂದಿಕೊಂಡೇ ಬರುತ್ತದೆ. ಗಿಟ್ ಮತ್ತು ಗಿಟ್‌ಹಬ್ ಬಳಕೆ ನಿಮಗೆ ಗೊತ್ತು ಅಂದುಕೊಂಡು ಬರೆಯುತ್ತಿದ್ದೇನೆ. ಗಿಟ್‌ಲ್ಯಾಬ್‌ನಲ್ಲಿ ಪುಲ್ ರಿಕ್ವೆಸ್ಟನ್ನು ಮರ್ಜ್ ರಿಕ್ವೆಸ್ಟ್ ಅನ್ನುತ್ತಾರೆ, ಕೆಲಸ ಹೆಚ್ಚುಕಡಿಮೆ ಒಂದೇ.

ಹಂತ 1: ಏನು ಬೇಕು, ಏನು ಬೇಡ ಅಂತ ತೀರ್ಮಾನಿಸಿ

ಕೋಡ್ ಓಪನ್ ಇದ್ದ ಮಾತ್ರಕ್ಕೆ ಎಲ್ಲರ ತಿದ್ದುಪಡಿಯನ್ನೂ ತೆಗೆದುಕೊಳ್ಳಲೇಬೇಕು ಅಂತೇನಿಲ್ಲ. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ನೋಡಿ. ಅದರ ಕೋಡ್ ಪಬ್ಲಿಕ್ ಡೊಮೇನ್‌ನಲ್ಲಿದೆ, ಯಾರು ಬೇಕಾದರೂ ಬಳಸಬಹುದು. ಆದರೂ ತಾನು ಓಪನ್ ಸೋರ್ಸ್ ಹೌದು, ಓಪನ್ ಕಾಂಟ್ರಿಬ್ಯೂಷನ್ ಅಲ್ಲ ಅಂತ ಆ ಪ್ರಾಜೆಕ್ಟ್ ಮೊದಲೇ ಹೇಳಿಬಿಡುತ್ತದೆ. ಇದು ಪ್ರಾಮಾಣಿಕ ನಿಲುವು. ಬನ್ನಿ ಬನ್ನಿ ಅಂತ ಕರೆದು, ಬಂದ ಪ್ಯಾಚ್‌ಗಳನ್ನು (ಕೋಡ್ ತಿದ್ದುಪಡಿಗಳನ್ನು) ತಿಂಗಳುಗಟ್ಟಲೆ ನೋಡದೇ ಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ನಿಮ್ಮ ತೀರ್ಮಾನ ನಾಲ್ಕೈದು ಸಾಲಿನಲ್ಲಿ ಹೇಳುವಷ್ಟು ಸರಳವಾಗಿರಲಿ. ಉದಾಹರಣೆಗೆ: ಬಗ್ ತಿದ್ದುಪಡಿ, ಟೆಸ್ಟ್, ಡಾಕ್ಯುಮೆಂಟೇಷನ್ ಇದ್ದರೆ ನೇರವಾಗಿ ಕಳಿಸಿ. ಹೊಸ ಫೀಚರ್ ಆದರೆ ಮೊದಲು ಇಶ್ಯೂ ತೆರೆದು ಮಾತಾಡಿ. ಹೊಸ ಡಿಪೆಂಡೆನ್ಸಿ, ಅಂದರೆ ಬೇರೆಯವರ ಲೈಬ್ರರಿ, ಸೇರಿಸುವ ಮುಂಚೆ ಕೇಳಿ. ಸುಮ್ನೆ ಕೋಡ್ ಚಂದ ಮಾಡುವ ಬದಲಾವಣೆ ಬೇಡ. ಬಿಗಿಯಾಗಿ ಬರೆಯಲು ಹಿಂಜರಿಯಬೇಡಿ. ಒಮ್ಮೆ ಮರ್ಜ್ ಆದ ಸಾಲನ್ನು ಮುಂದೆ ವರ್ಷಗಟ್ಟಲೆ ನೋಡಿಕೊಳ್ಳುವವರು ನೀವೇ, ಕಳಿಸಿದವರಲ್ಲ.

ವಾರಕ್ಕೆ ಎಷ್ಟು ಹೊತ್ತು ಇದಕ್ಕೆ ಕೊಡಬಲ್ಲಿರಿ ಅನ್ನುವುದನ್ನೂ ಈಗಲೇ ಯೋಚಿಸಿ. ಎರಡೇ ಗಂಟೆ ಇದ್ದರೆ ಬಗ್ ತಿದ್ದುಪಡಿಗಷ್ಟೇ ಅವಕಾಶ ಕೊಡಿ.

ಹಂತ 2: ಲೈಸೆನ್ಸ್ ಮತ್ತು ಹಕ್ಕಿನ ವಿಷಯ ಮುಗಿಸಿಕೊಳ್ಳಿ

ಲೈಸೆನ್ಸ್ ಫೈಲ್ ಇಲ್ಲದ ಕೋಡ್ ಪಬ್ಲಿಕ್ ಆಗಿ ಕಂಡರೂ ಕಾನೂನಿನ ಪ್ರಕಾರ ಬೇರೆಯವರು ಅದನ್ನು ಬದಲಾಯಿಸಿ ಹಂಚುವಂತಿಲ್ಲ. ಎಂಐಟಿ, ಅಪಾಚೆ 2.0, ಜಿಪಿಎಲ್ ಇಂಥ ಯಾವುದಾದರೂ ಹೆಸರಾದ ಲೈಸೆನ್ಸ್ ಆರಿಸಿಕೊಂಡು ಅದರ ಪೂರ್ತಿ ಪಠ್ಯವನ್ನು ರೆಪೊದ ಮೇಲ್ಮಟ್ಟದಲ್ಲಿ ಹಾಕಿ. ನಿಮ್ಮದೇ ಲೈಸೆನ್ಸ್ ಬರೆಯಲು ಹೋಗಬೇಡಿ. ಕಂಪನಿಗಳಲ್ಲಿ ಕೆಲಸ ಮಾಡುವ ಡೆವಲಪರ್‌ಗಳು ಗೊತ್ತಿಲ್ಲದ ಲೈಸೆನ್ಸ್ ಕಂಡರೆ ಹತ್ತಿರ ಬರುವುದಿಲ್ಲ.

ಮುಂದಿನ ಪ್ರಶ್ನೆ: ಹೊರಗಿನವರು ಕಳಿಸಿದ ಕೋಡ್ ನಿಜಕ್ಕೂ ಅವರದ್ದೇ ಅಂತ ಹೇಗೆ ನಂಬುವುದು? ಇದಕ್ಕೆ ಎರಡು ದಾರಿ ಬಳಕೆಯಲ್ಲಿವೆ. ಮೊದಲನೆಯದು ಕಾಂಟ್ರಿಬ್ಯೂಟರ್ ಲೈಸೆನ್ಸ್ ಅಗ್ರಿಮೆಂಟ್, ಅಂದರೆ ಸಿಎಲ್‌ಎ. ಇದು ಸಹಿ ಹಾಕಬೇಕಾದ ಒಪ್ಪಂದ. ಎರಡನೆಯದು ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್, ಅಂದರೆ ಡಿಸಿಒ. ಇದನ್ನು ಲಿನಕ್ಸ್ ಕರ್ನಲ್ 2004ರಲ್ಲಿ ಶುರು ಮಾಡಿತು. ಅದಕ್ಕೂ ಹಿಂದಿನ ವರ್ಷ ಎಸ್‌ಸಿಒ ಕಂಪನಿ ಲಿನಕ್ಸ್ ಕೋಡಿನ ವಿಷಯದಲ್ಲಿ ಐಬಿಎಂ ಮೇಲೆ ಕೇಸು ಹಾಕಿತ್ತು. ಯಾವ ಸಾಲು ಯಾರಿಂದ ಬಂತು ಅಂತ ತೋರಿಸುವ ದಾಖಲೆ ಬೇಕು ಅನ್ನುವುದು ಆಗ ಎಲ್ಲರಿಗೂ ಅರ್ಥವಾಯಿತು.

ಡಿಸಿಒದಲ್ಲಿ ಕಾಗದಪತ್ರ ಇಲ್ಲ. ಕಮಿಟ್ ಸಂದೇಶದ ಕೊನೆಗೆ 'ಸೈನ್ಡ್-ಆಫ್-ಬೈ' ಅಂತ ಹೆಸರು, ಇಮೇಲ್ ಇರುವ ಒಂದು ಸಾಲು ಬಂದರೆ ಸಾಕು. ಗಿಟ್ ಕಮಿಟ್ ಕಮಾಂಡಿಗೆ ಮೈನಸ್ ಎಸ್ ಸೇರಿಸಿದರೆ ಆ ಸಾಲು ತಾನಾಗಿ ಬರುತ್ತದೆ. ಈ ಕೋಡ್ ಕಳಿಸುವ ಹಕ್ಕು ನನಗಿದೆ ಅಂತ ಕಳಿಸುವವರು ಕೊಡುವ ಮಾತು ಅದು. ಸಣ್ಣ ಪ್ರಾಜೆಕ್ಟುಗಳಿಗೆ ಡಿಸಿಒ ಸಾಕು ಅನ್ನುವುದು ನನ್ನ ಅಭಿಪ್ರಾಯ. ಎರಡು ಸಾಲಿನ ಬಗ್ ತಿದ್ದಲು ಬಂದವರ ಮುಂದೆ ಒಪ್ಪಂದದ ಪತ್ರ ಹಿಡಿದರೆ ಅರ್ಧ ಜನ ಅಲ್ಲಿಂದಲೇ ವಾಪಸ್ ಹೋಗುತ್ತಾರೆ.

ಹಂತ 3: ಖಾಲಿ ಕಂಪ್ಯೂಟರಿನಲ್ಲಿ ಬಿಲ್ಡ್ ಆಗುತ್ತದಾ ನೋಡಿ

ಹೊರಗಿನವರು ಜಾಸ್ತಿ ಕೈಬಿಡುವ ಜಾಗ ಇದೇ. ಬಗ್ ಎಲ್ಲಿದೆ ಅಂತ ಅವರಿಗೆ ಗೊತ್ತು, ಸರಿ ಮಾಡುವುದೂ ಗೊತ್ತು. ಆದರೆ ಪ್ರಾಜೆಕ್ಟ್ ಅವರ ಕಂಪ್ಯೂಟರಿನಲ್ಲಿ ಓಡುವುದೇ ಇಲ್ಲ. ಒಂದು ಸಂಜೆ ಪೂರ್ತಿ ಅದರಲ್ಲೇ ಹೋದರೆ ಮರುದಿನ ಅವರು ಬರುವುದಿಲ್ಲ.

ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಓಡುತ್ತದೆ. ಯಾಕೆಂದರೆ ಯಾವತ್ತೋ ಹಾಕಿಕೊಂಡ ಲೈಬ್ರರಿ, ಯಾವತ್ತೋ ಸೆಟ್ ಮಾಡಿದ ಎನ್ವಿರಾನ್‌ಮೆಂಟ್ ವೇರಿಯಬಲ್ ಎಲ್ಲ ಅಲ್ಲೇ ಇರುತ್ತವೆ. ಹಾಗಾಗಿ ಒಂದು ಖಾಲಿ ಕಂಟೇನರ್ ಅಥವಾ ಹೊಸ ವರ್ಚುವಲ್ ಮೆಷಿನ್ ತೆಗೆದುಕೊಳ್ಳಿ. ರೀಡ್‌ಮಿ ಫೈಲಿನಲ್ಲಿ ಏನಿದೆಯೋ ಅಷ್ಟನ್ನೇ ಮಾಡಿ. ನೆನಪಿನಿಂದ ಏನನ್ನೂ ಸೇರಿಸಬೇಡಿ. ಎಲ್ಲಿ ನಿಂತುಹೋಗುತ್ತದೋ ಅಲ್ಲೊಂದು ಸಾಲು ಬರೆದು ಮತ್ತೆ ಮೊದಲಿನಿಂದ ಶುರು ಮಾಡಿ. ಬೇಸರದ ಕೆಲಸ ನಿಜ. ಆದರೆ ಈ ಪಟ್ಟಿಯಲ್ಲಿ ಒಂದನ್ನೇ ಮಾಡಲು ನಿಮಗೆ ಸಮಯ ಇದ್ದರೆ ಇದನ್ನೇ ಮಾಡಿ ಅನ್ನುತ್ತೇನೆ.

ಕೊನೆಗೆ ಮೂರು ಕಮಾಂಡ್ ಉಳಿಯಬೇಕು. ಬೇಕಾದದ್ದನ್ನೆಲ್ಲ ಇನ್‌ಸ್ಟಾಲ್ ಮಾಡಲು ಒಂದು, ಟೆಸ್ಟ್ ಓಡಿಸಲು ಒಂದು, ಕೋಡನ್ನು ನಿಮ್ಮ ಶೈಲಿಗೆ ಫಾರ್ಮ್ಯಾಟ್ ಮಾಡಲು ಒಂದು. ಫಾರ್ಮ್ಯಾಟರ್ ಮುಖ್ಯ. ಸ್ಪೇಸ್, ಟ್ಯಾಬ್, ಬ್ರಾಕೆಟ್ ಎಲ್ಲಿರಬೇಕು ಅನ್ನುವ ಮಾತನ್ನು ಯಂತ್ರಕ್ಕೇ ಬಿಟ್ಟರೆ ಮನುಷ್ಯರ ನಡುವೆ ಅದರ ಜಗಳವೇ ಬರುವುದಿಲ್ಲ. ಭಾಷೆಯ ಯಾವ ಆವೃತ್ತಿ ಬೇಕು ಅಂತ ಒಂದು ಫೈಲಿನಲ್ಲಿ ನಿಗದಿ ಮಾಡಿ. ಡಿಪೆಂಡೆನ್ಸಿಗಳ ನಿಖರ ಆವೃತ್ತಿಗಳನ್ನು ಪಟ್ಟಿ ಮಾಡುವ ಲಾಕ್ ಫೈಲನ್ನೂ ರೆಪೊದಲ್ಲಿಡಿ.

ಪಾಸ್‌ವರ್ಡ್, ಎಪಿಐ ಕೀ, ಒಳಗಿನ ಸರ್ವರ್ ಬೇಕಾಗುವ ಟೆಸ್ಟ್‌ಗಳಿದ್ದರೆ ಅವನ್ನು ಬೇರೆ ಮಾಡಿ. ಹೊರಗಿನವರ ಹತ್ತಿರ ಅವು ಇರುವುದಿಲ್ಲ. ಅವರ ತಪ್ಪಿಲ್ಲದೆ ಟೆಸ್ಟ್ ಕೆಂಪಾದರೆ, ತಮ್ಮ ಬದಲಾವಣೆಯೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಹಂತ 4: ಕಾಂಟ್ರಿಬ್ಯೂಟಿಂಗ್ ಫೈಲ್ ಬರೆಯಿರಿ

ರೆಪೊದ ಮೇಲ್ಮಟ್ಟದಲ್ಲಿ ಕಾಂಟ್ರಿಬ್ಯೂಟಿಂಗ್ ಅನ್ನುವ ಹೆಸರಿನ ಫೈಲ್ ಇಟ್ಟರೆ, ಯಾರಾದರೂ ಇಶ್ಯೂ ಅಥವಾ ಪುಲ್ ರಿಕ್ವೆಸ್ಟ್ ತೆರೆಯುವಾಗ ಗಿಟ್‌ಹಬ್ ಅದರ ಕೊಂಡಿಯನ್ನು ತಾನೇ ತೋರಿಸುತ್ತದೆ. ಹಂತ 1ರ ತೀರ್ಮಾನ, ಹಂತ 3ರ ಮೂರು ಕಮಾಂಡ್, ಸೈನ್-ಆಫ್ ನಿಯಮ, ಎಷ್ಟು ದಿನದಲ್ಲಿ ಉತ್ತರ ಕೊಡುತ್ತೀರಿ ಅನ್ನುವ ಮಾತು. ಇಷ್ಟಿದ್ದರೆ ಸಾಕು. ಎರಡು ಪುಟ ದಾಟಿದರೆ ಯಾರೂ ಓದುವುದಿಲ್ಲ. ಜೊತೆಗೆ ನಡವಳಿಕೆಯ ನಿಯಮಗಳ ಫೈಲ್ ಒಂದಿರಲಿ. ಕಾಂಟ್ರಿಬ್ಯೂಟರ್ ಕವನೆಂಟ್ ಅನ್ನುವ ಸಿದ್ಧ ಪಠ್ಯವನ್ನು ಬಹಳ ಪ್ರಾಜೆಕ್ಟುಗಳು ಬಳಸುತ್ತವೆ. ದೂರು ಬಂದರೆ ಯಾರು ನೋಡುತ್ತಾರೆ ಅನ್ನುವುದನ್ನು ಅದರಲ್ಲಿ ತುಂಬಲು ಮರೆಯಬೇಡಿ.

ಹಂತ 5: ಮೊದಲ ಕೆಲಸ ಎತ್ತಿಕೊಳ್ಳಲು ಸುಲಭವಾಗಲಿ

ಗಿಟ್‌ಹಬ್‌ನಲ್ಲಿ 'ಗುಡ್ ಫಸ್ಟ್ ಇಶ್ಯೂ' ಅನ್ನುವ ಲೇಬಲ್ ಮೊದಲೇ ಇರುತ್ತದೆ. ಅದನ್ನು ಅಂಟಿಸಿದ ಮಾತ್ರಕ್ಕೆ ಪ್ರಯೋಜನ ಇಲ್ಲ, ಇಶ್ಯೂ ಒಳಗೆ ಏನಿದೆ ಅನ್ನುವುದು ಮುಖ್ಯ. "ಸಿಎಸ್‌ವಿ ಓದುವಾಗ ಕ್ರ್ಯಾಶ್ ಆಗುತ್ತಿದೆ" ಅಂತಷ್ಟೇ ಇದ್ದರೆ ಹೊಸಬರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ: "ಫೈಲಿನ ಕೊನೆಗೆ ಖಾಲಿ ಸಾಲಿದ್ದರೆ ಕ್ರ್ಯಾಶ್ ಆಗುತ್ತದೆ. ಪಾರ್ಸರ್ ಫೋಲ್ಡರಿನಲ್ಲಿ ಸಾಲು ಓದುವ ಫಂಕ್ಷನ್ ಇದೆ, ತೊಂದರೆ ಅಲ್ಲೇ ಇರಬೇಕು. ಖಾಲಿ ಸಾಲನ್ನು ಬಿಟ್ಟು ಮುಂದೆ ಹೋಗಬೇಕು. ಇದಕ್ಕೊಂದು ಟೆಸ್ಟ್ ಸೇರಿಸಿದರೆ ಕೆಲಸ ಮುಗಿಯಿತು." ಎಲ್ಲಿ ನೋಡಬೇಕು, ಯಾವಾಗ ಮುಗಿಯಿತು ಅನ್ನುವ ಎರಡೂ ಇದರಲ್ಲಿವೆ.

ನೀವೇ ಹತ್ತು ನಿಮಿಷದಲ್ಲಿ ಮಾಡಬಹುದಾದ ಇಂಥ ನಾಲ್ಕೈದು ಬಗ್‌ಗಳನ್ನು ಬೇಕಂತಲೇ ಹೊಸಬರಿಗೆ ಉಳಿಸಿ. ಇಂದು ಖಾಲಿ ಸಾಲಿನ ಬಗ್ ತಿದ್ದಿದವರೇ ನಾಳೆ ಪಾರ್ಸರನ್ನೇ ನೋಡಿಕೊಳ್ಳುವವರಾಗಬಹುದು.

ಹಂತ 6: ಬ್ರಾಂಚ್ ಮತ್ತು ಸಿಐ ಭದ್ರ ಮಾಡಿ

ಹೊರಗಿನವರಿಗೆ ನಿಮ್ಮ ರೆಪೊಗೆ ಬರೆಯುವ ಅನುಮತಿ ಬೇಕಾಗಿಲ್ಲ. ಅವರು ಫೋರ್ಕ್ ಮಾಡಿ, ತಮ್ಮ ಬ್ರಾಂಚಿನಲ್ಲಿ ಬದಲಾಯಿಸಿ, ಪುಲ್ ರಿಕ್ವೆಸ್ಟ್ ಕಳಿಸುತ್ತಾರೆ. ನಿಮ್ಮ ಕಡೆ ಮುಖ್ಯ ಬ್ರಾಂಚಿಗೆ ಪ್ರೊಟೆಕ್ಷನ್ ಹಾಕಿ. ಟೆಸ್ಟ್ ಪಾಸಾಗದೆ, ಒಬ್ಬರಾದರೂ ಒಪ್ಪದೆ ಏನೂ ಮರ್ಜ್ ಆಗಬಾರದು. ಇನ್ನೊಬ್ಬ ಮೇಂಟೇನರ್ ಇದ್ದರೆ ಈ ನಿಯಮ ನಿಮಗೂ ಅನ್ವಯಿಸಲಿ.

ಸಿಐ (ಕಂಟಿನ್ಯುಯಸ್ ಇಂಟಿಗ್ರೇಷನ್) ಬದಲಾವಣೆ ಬಂದಾಗಲೆಲ್ಲ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ. ಅಂದರೆ ಬೇರೆಯವರ ಕೋಡನ್ನು ನಿಮ್ಮ ಹೆಸರಿನ ಯಂತ್ರದಲ್ಲಿ ಓಡಿಸುವುದು. ಇಲ್ಲಿ ಎಚ್ಚರ ಬೇಕು. ಗಿಟ್‌ಹಬ್‌ನ ಸಿಐ ಸೇವೆಯಾದ ಆಕ್ಷನ್ಸ್‌ನಲ್ಲಿ ಫೋರ್ಕ್‌ನಿಂದ ಬಂದ ಪುಲ್ ರಿಕ್ವೆಸ್ಟಿಗೆ ಸಾಮಾನ್ಯ 'ಪುಲ್ ರಿಕ್ವೆಸ್ಟ್' ಇವೆಂಟ್ ಬಳಸಿದರೆ ನಿಮ್ಮ ಸೀಕ್ರೆಟ್‌ಗಳು (ಅಲ್ಲಿಟ್ಟ ಪಾಸ್‌ವರ್ಡ್, ಕೀಗಳು) ಆ ಕೋಡಿಗೆ ಸಿಗುವುದಿಲ್ಲ. ಆದರೆ 'ಪುಲ್ ರಿಕ್ವೆಸ್ಟ್ ಟಾರ್ಗೆಟ್' ಅನ್ನುವ ಇನ್ನೊಂದು ಇವೆಂಟ್ ಇದೆ. ಅದರಲ್ಲಿ ಸೀಕ್ರೆಟ್‌ಗಳೂ ಸಿಗುತ್ತವೆ, ಬರೆಯುವ ಅನುಮತಿಯೂ ಸಿಗಬಹುದು. ಅದರೊಳಗೆ ಹೊರಗಿನವರ ಕೋಡನ್ನು ಚೆಕ್‌ಔಟ್ ಮಾಡಿ ಓಡಿಸಿದರೆ ನಿಮ್ಮ ಕೀಗಳನ್ನು ಗುರುತಿಲ್ಲದವರ ಕೈಗೆ ಕೊಟ್ಟ ಹಾಗೆಯೇ. ಹಾಗೆ ಮಾಡಲೇಬೇಡಿ. ಪಬ್ಲಿಕ್ ರೆಪೊಗೆ ನಿಮ್ಮ ಸ್ವಂತ ಕಂಪ್ಯೂಟರನ್ನು ರನ್ನರ್ ಆಗಿ ಜೋಡಿಸುವುದೂ ಬೇಡ. ಮೊದಲ ಸಲ ಬಂದವರ ವರ್ಕ್‌ಫ್ಲೋ ನಿಮ್ಮ ಒಪ್ಪಿಗೆ ಸಿಕ್ಕ ಮೇಲೆಯೇ ಓಡುವ ಸೆಟ್ಟಿಂಗ್ ಇದೆ, ಅದನ್ನು ಆನ್ ಇಡಿ. ಒಪ್ಪಿಗೆ ಕೊಡುವ ಮುಂಚೆ ವರ್ಕ್‌ಫ್ಲೋ ಫೈಲುಗಳನ್ನು ಅವರು ಮುಟ್ಟಿದ್ದಾರಾ ಅಂತ ಒಮ್ಮೆ ಕಣ್ಣು ಹಾಯಿಸಿ.

ಹಂತ 7: ರಿವ್ಯೂ

ಇಡೀ ಕೆಲಸದ ಜೀವ ಇರುವುದು ಇಲ್ಲಿ.

ಪುಲ್ ರಿಕ್ವೆಸ್ಟ್ ಬಂದ ಒಂದೆರಡು ದಿನದಲ್ಲಿ ಏನಾದರೂ ಒಂದು ಉತ್ತರ ಕೊಡಿ. ಪೂರ್ತಿ ರಿವ್ಯೂ ಆಗಬೇಕಿಲ್ಲ. "ನೋಡಿದೆ, ಧನ್ಯವಾದ, ವಾರಾಂತ್ಯದಲ್ಲಿ ಕೂತು ಓದುತ್ತೇನೆ" ಅಂದರೂ ಸಾಕು. ಕಳಿಸಿದವರ ತಲೆಯಲ್ಲಿ ಆ ಕೋಡ್ ಇನ್ನೂ ಹಸಿಯಾಗಿರುವಾಗ ಮಾತು ಶುರುವಾದರೆ ತಿದ್ದುಪಡಿ ಬೇಗ ಮುಗಿಯುತ್ತದೆ. ಮೂರು ತಿಂಗಳ ನಂತರ ಕೇಳಿದರೆ ಅವರಿಗೂ ಮರೆತಿರುತ್ತದೆ, ಅಲ್ವಾ?

ಓದುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು: ಈ ಬದಲಾವಣೆ ನಮಗೆ ಬೇಕಾ? ಆಮೇಲೆ: ಇದು ಸರಿಯಾದ ಜಾಗದಲ್ಲಿ ಆಗಿದೆಯಾ? ಮೂರನೆಯದಾಗಿ: ಕೋಡ್ ಸರಿಯಾಗಿ ಕೆಲಸ ಮಾಡುತ್ತದಾ? ಹೆಸರು, ಕಾಮೆಂಟ್ ಇಂಥವೆಲ್ಲ ಕೊನೆಗೆ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಹತ್ತು ಸಣ್ಣ ತಪ್ಪು ತಿದ್ದಿಸಿ, ಆಮೇಲೆ ಈ ಫೀಚರೇ ನಮಗೆ ಬೇಡ ಅನ್ನುತ್ತಾರೆ. ಕಳಿಸಿದವರಿಗೆ ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿಲ್ಲ.

ಬಗ್ ತಿದ್ದುಪಡಿ ಆದರೆ ಒಂದು ಟೆಸ್ಟ್ ಕೇಳಿ. ಹಳೆ ಕೋಡಿನಲ್ಲಿ ಆ ಟೆಸ್ಟ್ ಫೇಲ್ ಆಗಬೇಕು, ಹೊಸ ಕೋಡಿನಲ್ಲಿ ಪಾಸಾಗಬೇಕು. ಎರಡನ್ನೂ ನೀವೇ ಓಡಿಸಿ ನೋಡಿ. ಮೊದಲಿನಿಂದಲೂ ಪಾಸಾಗುತ್ತಿದ್ದ ಟೆಸ್ಟ್ ಏನನ್ನೂ ಸಾಬೀತು ಮಾಡುವುದಿಲ್ಲ. ಕೋಡನ್ನು ಓದಿ ಅನುಮಾನ ಇಲ್ಲ ಅನ್ನಿಸಿದ ಮೇಲೆ, ಆ ಬ್ರಾಂಚನ್ನು ಕಂಟೇನರ್ ಒಳಗೆ ಇಳಿಸಿಕೊಂಡು ಬಗ್ ನಿಜಕ್ಕೂ ಹೋಗಿದೆಯಾ ಅಂತ ಕೈಯಾರೆ ಪರೀಕ್ಷಿಸಿ.

ಕಾಮೆಂಟ್ ಬರೆಯುವಾಗ ಯಾವುದು ಕಡ್ಡಾಯ, ಯಾವುದು ಬರೀ ಸಲಹೆ ಅಂತ ಬಿಡಿಸಿ ಹೇಳಿ. ಹೊಸಬರು ನಿಮ್ಮ ಪ್ರತಿ ಮಾತನ್ನೂ ಆಜ್ಞೆ ಅಂದುಕೊಳ್ಳುತ್ತಾರೆ. "ಇದು ತಪ್ಪು" ಅನ್ನುವ ಬದಲು "ಫೈಲ್ ಖಾಲಿ ಇದ್ದರೆ ಇಲ್ಲಿ ಏನಾಗುತ್ತದೆ?" ಅಂತ ಕೇಳಿದರೆ ಅವರು ತಾವೇ ಯೋಚಿಸುತ್ತಾರೆ. ಕೆಲವೊಮ್ಮೆ ನಿಮಗೆ ಗೊತ್ತಿಲ್ಲದ ಉತ್ತರವೂ ಅವರ ಹತ್ತಿರ ಇರುತ್ತದೆ.

ಕೊನೆಯ ಒಂದೆರಡು ಸಣ್ಣ ತಿದ್ದುಪಡಿಗಾಗಿ ಮತ್ತೊಂದು ಸುತ್ತು ಓಡಾಡಿಸಬೇಡಿ. ಪುಲ್ ರಿಕ್ವೆಸ್ಟಿನಲ್ಲಿ ಮೇಂಟೇನರ್‌ಗಳು ಬದಲಾಯಿಸಬಹುದು ಅನ್ನುವ ಆಯ್ಕೆ ಆನ್ ಇದ್ದರೆ ಅವರ ಬ್ರಾಂಚಿಗೆ ನೀವೇ ಕಮಿಟ್ ಹಾಕಿ ಮರ್ಜ್ ಮಾಡಬಹುದು. ಆದರೆ ಲೇಖಕರ ಹೆಸರು ಅವರದ್ದೇ ಉಳಿಯಬೇಕು. ಅವರ ಪರಿಹಾರ ನೋಡಿ ನೀವೇ ಬೇರೆ ರೀತಿ ಬರೆದಿದ್ದರೂ, ಕಮಿಟ್ ಸಂದೇಶದಲ್ಲಿ 'ಕೋ-ಆಥರ್ಡ್-ಬೈ' ಸಾಲು ಸೇರಿಸಿ ಅವರಿಗೆ ಪಾಲು ಕೊಡಿ. ಸಂಬಳ ಇಲ್ಲದೆ ಮಾಡಿದ ಕೆಲಸಕ್ಕೆ ಅವರಿಗೆ ಸಿಗುವುದು ಆ ಹೆಸರೊಂದೇ.

ಬೇಡ ಅನ್ನುವುದಾದರೆ ಬೇಗ ಅನ್ನಿ. ಕಾರಣ ಎರಡು ಸಾಲಿನಲ್ಲಿ ಹೇಳಿ, ಧನ್ಯವಾದ ಹೇಳಿ, ಕ್ಲೋಸ್ ಮಾಡಿ. ದಾಕ್ಷಿಣ್ಯಕ್ಕೆ ತೆರೆದಿಡುವುದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ. ಕಳಿಸಿದವರೇ ಮಧ್ಯದಲ್ಲಿ ಉತ್ತರ ಕೊಡುವುದು ನಿಲ್ಲಿಸಿದರೆ ಒಂದು ಸಲ ನೆನಪಿಸಿ, ಆಮೇಲೆ ಬೇರೆಯವರು ಮುಂದುವರಿಸಬಹುದು ಅಂತ ಬರೆಯಿರಿ. ಮೊದಲ ಲೇಖಕರ ಕಮಿಟ್‌ಗಳನ್ನು ಹಾಗೇ ಉಳಿಸಿಕೊಂಡು ಅದರ ಮೇಲೆ ಕಟ್ಟಲಿ.

ಬೇಡದ ಪುಲ್ ರಿಕ್ವೆಸ್ಟುಗಳ ಪ್ರವಾಹವೂ ಬರಬಹುದು. ಹ್ಯಾಕ್ಟೋಬರ್‌ಫೆಸ್ಟ್ ಅಂದರೆ ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಅಕ್ಟೋಬರ್ ಅಭಿಯಾನ. 2020ರಲ್ಲಿ ಆ ಟೀ ಶರ್ಟ್ ಆಸೆಗೆ ರೀಡ್‌ಮಿಯಲ್ಲಿ ಒಂದು ಪದ ಬದಲಿಸಿ ಕಳಿಸಿದವರು ಬಹಳ. ಆ ವರ್ಷವೇ ನಿಯಮ ಬದಲಾಗಿ, ಒಪ್ಪಿಕೊಂಡ ಪ್ರಾಜೆಕ್ಟುಗಳು ಮಾತ್ರ ಅದರಲ್ಲಿ ಸೇರುವಂತಾಯಿತು. ಈಗ ಎಐ ಬರೆದ ಕೋಡಿನ ಸರದಿ. ಜೆಂಟೂ ಮತ್ತು ನೆಟ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್ ಪ್ರಾಜೆಕ್ಟುಗಳು 2024ರಲ್ಲಿ ಇದರ ವಿರುದ್ಧ ಬಿಗಿ ನಿಯಮ ತಂದವು. ನಿಮ್ಮ ನಿಲುವು ಏನೇ ಇರಲಿ, ಕಾಂಟ್ರಿಬ್ಯೂಟಿಂಗ್ ಫೈಲಿನಲ್ಲಿ ಬರೆಯಿರಿ. ಕನಿಷ್ಠ ಒಂದು ನಿಯಮ ಇರಲೇಬೇಕು ಅನ್ನುತ್ತೇನೆ: ಕಳಿಸಿದವರು ತಮ್ಮ ಕೋಡಿನ ಪ್ರತಿ ಸಾಲನ್ನೂ ತಮ್ಮದೇ ಮಾತಿನಲ್ಲಿ ವಿವರಿಸಬೇಕು.

ಹಂತ 8: ಅನುಮಾನದ ಕಣ್ಣು ಎಲ್ಲಿ ಬೇಕು

2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಯುಟಿಲ್ಸ್ ಅನ್ನುವ, ಫೈಲುಗಳನ್ನು ಕುಗ್ಗಿಸುವ ಸಾಫ್ಟ್‌ವೇರ್‌ನ ಕಥೆ ಹೊರಬಂತು. ಜಿಯಾ ಟಾನ್ ಅನ್ನುವ ಹೆಸರಿನ ಖಾತೆಯೊಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್‌ಗಳನ್ನು ಕಳಿಸಿ ನಂಬಿಕೆ ಗಳಿಸಿತು. ದಣಿದಿದ್ದ ಮೇಂಟೇನರ್ ಮೇಲೆ ಬೇರೆ ಖಾತೆಗಳಿಂದ ಒತ್ತಡವೂ ಬಂತು. ಕೊನೆಗೆ ಆ ಖಾತೆಗೆ ರಿಲೀಸ್ ಮಾಡುವ ಅಧಿಕಾರವೇ ಸಿಕ್ಕಿತು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗಲು ಬಿಡುವ ಕೋಡ್) ಸೇರಿಕೊಂಡಿತು. ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಬೆನ್ನುಹತ್ತಿ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಡೆವಲಪರ್ ಅದನ್ನು ಹಿಡಿದರು. ದುರುದ್ದೇಶದ ಕೋಡ್ ಟೆಸ್ಟ್‌ಗೆಂದು ಇಟ್ಟ ಬೈನರಿ ಫೈಲುಗಳಲ್ಲಿ ಅಡಗಿತ್ತು. ಅದನ್ನು ಹೊರತೆಗೆಯುವ ಬಿಲ್ಡ್ ಸ್ಕ್ರಿಪ್ಟ್ ಸಾಲುಗಳು ಗಿಟ್‌ನಲ್ಲೇ ಇರಲಿಲ್ಲ, ರಿಲೀಸ್ ಟಾರ್‌ಬಾಲ್‌ನಲ್ಲಿ (ಬಳಕೆದಾರರಿಗೆ ಹಂಚುವ ಕೋಡಿನ ಕಟ್ಟಿನಲ್ಲಿ) ಮಾತ್ರ ಇದ್ದವು.

ಇದರಿಂದ ನಮಗೆ ಸಿಗುವ ಕೆಲಸದ ಪಾಠ ಸ್ಪಷ್ಟ. ಬಿಲ್ಡ್ ಸ್ಕ್ರಿಪ್ಟ್, ಸಿಐ ಫೈಲ್, ಲಾಕ್ ಫೈಲ್, ಬೈನರಿ ಫೈಲ್ ಇವುಗಳಲ್ಲಿ ಬದಲಾವಣೆ ಬಂದರೆ ಸಾಮಾನ್ಯ ಕೋಡಿಗಿಂತ ಎರಡು ಪಟ್ಟು ನಿಧಾನವಾಗಿ ಓದಿ. ಬೈನರಿ ಫೈಲ್ ಯಾಕೆ ಬೇಕು, ಹೇಗೆ ಹುಟ್ಟಿತು ಅಂತ ಕೇಳಿ. ಆಗುವುದಾದರೆ ಅದನ್ನು ಹುಟ್ಟಿಸುವ ಸ್ಕ್ರಿಪ್ಟನ್ನೇ ರೆಪೊದಲ್ಲಿಡಿ. ಗಿಟ್‌ನಲ್ಲಿರುವ ಕೋಡಿನಿಂದ ಸಿಐ ಮೂಲಕವೇ ರಿಲೀಸ್ ತಯಾರಾಗಲಿ. ಯಾರಾದರೂ ಅವಸರ ಮಾಡಿದರೆ ಅದೇ ನಿಧಾನಿಸಲು ಕಾರಣ.

ಸೆಕ್ಯೂರಿಟಿ ಬಗ್‌ಗಳ ತಿದ್ದುಪಡಿ ಮಾತ್ರ ಎಲ್ಲರೆದುರು ಬರಬಾರದು. ರಿಲೀಸ್ ಆಗುವ ಮುಂಚೆ ಪ್ಯಾಚ್ ಕಂಡರೆ ದಾಳಿ ಮಾಡುವವರಿಗೆ ದಾರಿ ತೋರಿಸಿದಂತೆ. ಸೆಕ್ಯೂರಿಟಿ ಅನ್ನುವ ಫೈಲಿನಲ್ಲಿ ಗುಟ್ಟಾಗಿ ತಿಳಿಸುವ ವಿಳಾಸ ಕೊಡಿ. ಗಿಟ್‌ಹಬ್‌ನ ಪ್ರೈವೇಟ್ ವಲ್ನರಬಿಲಿಟಿ ರಿಪೋರ್ಟಿಂಗ್ ಕೂಡ ಆನ್ ಮಾಡಬಹುದು.

ಹಂತ 9: ಮರ್ಜ್ ಆದ ಮೇಲೆ

ಚೇಂಜ್‌ಲಾಗ್‌ನಲ್ಲಿ ತಿದ್ದುಪಡಿಯ ಪಕ್ಕ ಕಳಿಸಿದವರ ಹೆಸರು ಹಾಕಿ. ಬಗ್ ತಿದ್ದುಪಡಿಗಳು ಸೇರಿದ ಮೇಲೆ ಸಣ್ಣ ರಿಲೀಸ್ ಬೇಗ ಬಿಡಿ. ಅವರು ಕಷ್ಟಪಟ್ಟದ್ದು ತಮಗೆ ಬೇಕಾದ ಸಾಫ್ಟ್‌ವೇರ್ ಸರಿಯಾಗಲಿ ಅಂತ. ರಿಲೀಸ್‌ಗೆ ವರ್ಷ ಕಾಯಬೇಕಾದರೆ ತಮ್ಮ ಫೋರ್ಕನ್ನೇ ಬಳಸುತ್ತಾ ಕೂರುತ್ತಾರೆ. ತಿದ್ದುಪಡಿಯಿಂದ ಬೇರೇನೋ ಕೆಟ್ಟರೆ ಮೊದಲು ರಿವರ್ಟ್ ಮಾಡಿ, ಆಮೇಲೆ ಅವರಿಗೆ ತಿಳಿಸಿ ಒಟ್ಟಿಗೆ ಹುಡುಕಿ. ರಿವ್ಯೂ ಮಾಡಿ ಒಳಗೆ ತೆಗೆದುಕೊಂಡವರು ನೀವು, ಹಾಗಾಗಿ ಹೊಣೆ ಅವರೊಬ್ಬರದ್ದೇ ಅಲ್ಲ.

ಹಂತ 10: ನಂಬಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡಿ

ಮತ್ತೆ ಮತ್ತೆ ಒಳ್ಳೆಯ ಕೆಲಸ ಕಳಿಸುವವರಿಗೆ ಜಾಸ್ತಿ ಜವಾಬ್ದಾರಿ ಕೊಡಬೇಕು. ಇಲ್ಲದಿದ್ದರೆ ಎಲ್ಲವೂ ನಿಮ್ಮೊಬ್ಬರ ಮೇಲೆಯೇ ಉಳಿಯುತ್ತದೆ. ಆದರೆ ಒಂದೇ ಸಲಕ್ಕೆ ಎಲ್ಲ ಬೇಡ. 2018ರಲ್ಲಿ ಈವೆಂಟ್-ಸ್ಟ್ರೀಮ್ ಅನ್ನುವ ಜಾವಾಸ್ಕ್ರಿಪ್ಟ್ ಪ್ಯಾಕೇಜನ್ನು ಅದರ ಲೇಖಕರು ಸಹಾಯಕ್ಕೆ ಬಂದ ಅಪರಿಚಿತರಿಗೆ ಒಪ್ಪಿಸಿದರು. ಆ ವ್ಯಕ್ತಿ ಸೇರಿಸಿದ ಹೊಸ ಡಿಪೆಂಡೆನ್ಸಿಯಲ್ಲಿ ಬಿಟ್‌ಕಾಯಿನ್ ವ್ಯಾಲೆಟ್ ದೋಚುವ ಕೋಡ್ ಇತ್ತು.

ಗಿಟ್‌ಹಬ್‌ನಲ್ಲಿ ರೆಪೊ ಒಂದು ಆರ್ಗನೈಸೇಷನ್ ಕೆಳಗಿದ್ದರೆ ಅನುಮತಿಗಳನ್ನು ಬಿಡಿಸಿ ಕೊಡಬಹುದು. ಮೊದಲು ಟ್ರಯಾಜ್ ಕೊಡಿ. ಅದರಲ್ಲಿ ಇಶ್ಯೂಗಳಿಗೆ ಲೇಬಲ್ ಹಾಕುವುದು, ಕ್ಲೋಸ್ ಮಾಡುವುದು ಸಾಧ್ಯ, ಕೋಡ್ ಮುಟ್ಟಲಾಗುವುದಿಲ್ಲ. ಆಮೇಲೆ ಅವರಿಗೆ ಚೆನ್ನಾಗಿ ಗೊತ್ತಿರುವ ಒಂದು ಫೋಲ್ಡರಿಗೆ ಕೋಡ್ ಓನರ್ಸ್ ಫೈಲಿನಲ್ಲಿ ರಿವ್ಯೂವರ್ ಆಗಿ ಹೆಸರು ಹಾಕಿ. ಆ ಫೈಲಿಗೆ ಹೆಸರು ಸೇರಿಸಲು ರೈಟ್ ಅನುಮತಿ ಬೇಕಾಗುತ್ತದೆ. ಬ್ರಾಂಚ್ ಪ್ರೊಟೆಕ್ಷನ್ ಇರುವುದರಿಂದ ಮುಖ್ಯ ಬ್ರಾಂಚಿಗೆ ಅವರು ನೇರವಾಗಿ ಏನನ್ನೂ ಸೇರಿಸಲಾಗುವುದಿಲ್ಲ. ರಿಲೀಸ್ ಮಾಡುವ ಮತ್ತು ಪ್ಯಾಕೇಜ್ ಪಬ್ಲಿಷ್ ಮಾಡುವ ಅಧಿಕಾರ ಎಲ್ಲಕ್ಕಿಂತ ಕೊನೆಗೆ. ಎಲ್ಲರ ಖಾತೆಗೂ ಎರಡು ಹಂತದ ದೃಢೀಕರಣ ಕಡ್ಡಾಯ ಮಾಡಿ.

ಕೊಟ್ಟ ಅನುಮತಿಗಳನ್ನು ವರ್ಷಕ್ಕೊಮ್ಮೆ ನೋಡಿ. ಬಹಳ ಕಾಲ ಸಕ್ರಿಯವಾಗಿ ಇಲ್ಲದವರಿಗೆ ಮೊದಲು ಒಂದು ಪತ್ರ ಬರೆದು, ಆಮೇಲೆ ಅನುಮತಿ ತೆಗೆಯಿರಿ. ಹಳೆಯ ಮೇಂಟೇನರ್‌ಗಳ ಪಟ್ಟಿಯಲ್ಲಿ ಅವರ ಹೆಸರು ಉಳಿಸಿ. ಮರಳಿ ಬಂದರೆ ವಾಪಸ್ ಕೊಡುತ್ತೇವೆ ಅನ್ನುವುದನ್ನೂ ಅದೇ ಪತ್ರದಲ್ಲಿ ಹೇಳಿ.